ಕೊನೆಯ ಹಳದಿ ಬಾವುಟ

ಮಗೂ ಟ್ಯಾನರ್,

ಈ ಕಾಗದವನ್ನು ಒಂದೇ ಕಡೆ ಕೂತು ಬರೆಯಲು ಆಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಹಿತ್ತಿಲಿಗೆ ಹೋಗುತ್ತೇನೆ, ಏನೂ ಮಾಡದ ಕೋಳಿಗಳನ್ನು ಗದರಿ ಮತ್ತೆ ಬರುತ್ತೇನೆ. ಫೋನ್ ಮಾಡೋಣವೆಂದರೆ ನಿನ್ನ ಫೋನನ್ನು ಈಗ ಬೇರೆ ಯಾರೋ ಎತ್ತುತ್ತಾರೆ. ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ, ಆದರೆ ಮಾತು ನಿನಗೆ ಮುಟ್ಟುವುದಿಲ್ಲ.

ಈ ವರ್ಷದ ಕೊನೆಯ ಕಾರ್ ರೇಸಿನ ಭಾನುವಾರ ಚರ್ಚ್ ಮುಗಿಸಿಕೊಂಡು ನಾವೆಲ್ಲ ಗ್ರೇಡಿಯ ಟೈರ್ ಅಂಗಡಿಯಲ್ಲಿ ಸೇರಿದ್ದೆವು. ಊರಿನಲ್ಲಿ ದೊಡ್ಡ ಟಿವಿ ಇರುವುದು ಅಲ್ಲೇ ತಾನೇ. ನಿನ್ನಪ್ಪ, ನನ್ನ ಹಾಯ್ಟ್ ಅಣ್ಣ, ಎಲ್ಲರಿಗಿಂತ ಮುಂದೆ ಒಂದು ಹಳೆಯ ಟೈರಿನ ಮೇಲೆ ಕೂತಿದ್ದ. ಕುರ್ಚಿ ಕೊಟ್ಟರೂ ಬೇಡವೆಂದ.

ಈ ವರ್ಷ ನಿನ್ನಷ್ಟು ರೇಸ್ ಗೆದ್ದವನು ಇನ್ನೊಬ್ಬನಿಲ್ಲ. ನಾವು ಚಿಕ್ಕವರಿದ್ದಾಗಿನ ಲೆಕ್ಕವೇ ಇದ್ದಿದ್ದರೆ ಕಪ್ ಯಾವತ್ತೋ ನಮ್ಮೂರಿಗೆ ಬಂದಿರುತ್ತಿತ್ತು. ಈಗಿನವರು ಕೊನೆಗೆ ನಾಲ್ಕು ಜನರನ್ನು ಉಳಿಸಿಕೊಂಡು, ಅಲ್ಲಿಯವರೆಗೆ ಗಳಿಸಿದ ಅಂಕವನ್ನೆಲ್ಲ ಒರೆಸಿಹಾಕಿ, ಒಂದು ಮಧ್ಯಾಹ್ನದಲ್ಲಿ ತೀರ್ಮಾನ ಮಾಡುತ್ತಾರೆ. ವರ್ಷವಿಡೀ ಮೊದಲು ಬಂದ ಹುಡುಗನ ಕೈಯಲ್ಲಿ ಪರೀಕ್ಷೆಯ ದಿನ ಚೀಟಿ ಎತ್ತಿಸಿದ ಹಾಗೆ. ಹೀಗೆ ಮಾಡಿದರೆ ಜನ ಕಣ್ಣು ಮಿಟುಕಿಸದೆ ನೋಡುತ್ತಾರಂತೆ. ನಮ್ಮ ತಲೆಮಾರಿನ ಎಷ್ಟೋ ಜನ ನೋಡುವುದನ್ನೇ ಬಿಟ್ಟರು.

ಅಂಗಡಿಯಲ್ಲಿ ಕೊಳ್ಳುವ ಕಾರನ್ನೇ ಬಿಚ್ಚಿ, ಬಲಪಡಿಸಿ, ಓಡಿಸುವುದು ಅಂತಲೇ ಈ ಆಟಕ್ಕೆ ಸ್ಟಾಕ್ ಕಾರ್ ಎಂಬ ಹೆಸರು ಬಂದದ್ದು. ನಿನ್ನಪ್ಪ ನಿನಗೆ ಕಟ್ಟಿಕೊಟ್ಟ ಮೊದಲ ಕಾರಿನ ಬಾಗಿಲು ಗುಜರಿಯದು, ಎಂಜಿನ್ನು ಅಪಘಾತವಾದ ಒಂದು ಟ್ರಕ್ಕಿನದು. ಈಗ ಎಲ್ಲ ಕಾರೂ ಒಂದೇ ಅಚ್ಚಿನ ಬಿಸ್ಕತ್ತು. ಹಿಂದಿನವನು ಮುಂದಿನವನನ್ನು ದಾಟಲಾರ, ಗುದ್ದಿ ಸರಿಸಬಲ್ಲ ಅಷ್ಟೆ. ರೇಸನ್ನು ತುಂಡು ತುಂಡು ಮಾಡಿ ನಡುವೆ ಜಾಹೀರಾತು ತುರುಕುತ್ತಾರೆ. ಅಪ್ಪ ಶ್ರೀಮಂತನಾದರೆ ಮಗನಿಗೆ ಸೀಟು ಸಿಗುತ್ತದೆ. ಹಾಗಿರುವ ಕಡೆ ನೀನು ಬರೀ ಕೈಚಳಕದಿಂದ ಹೋಗಿ ಕೂತೆಯಲ್ಲ ಎಂಬ ಹೆಮ್ಮೆಗೇ ನಾವು ಇಷ್ಟು ದಿನ ಎಲ್ಲವನ್ನೂ ನುಂಗಿಕೊಂಡು ನೋಡಿದೆವು.

ಆ ದಿನ ನೀನು ಎಲ್ಲರನ್ನೂ ಬಹಳ ಹಿಂದೆ ಬಿಟ್ಟಿದ್ದೆ. ಇನ್ನು ನಾಲ್ಕೇ ಸುತ್ತು. ಆಗ ಎಲ್ಲೋ ಬಾಲದಲ್ಲಿದ್ದ ಒಂದು ಕಾರಿನ ಟೈರು ಸಿಡಿದು, ಅದು ಟ್ರ್ಯಾಕಿನ ಅಂಚಿನ ಗೋಡೆ ಸವರಿ ನಿಂತಿತು. ಎಲ್ಲರೂ ನಿಧಾನಿಸಿ ಒಬ್ಬರ ಹಿಂದೊಬ್ಬರು ಸಾಲಾಗಬೇಕೆನ್ನುವ ಹಳದಿ ಬಾವುಟ ಬಂತು. ನೀನು ಬೆವರು ಹರಿಸಿ ಗಳಿಸಿದ ಅಂತರವೆಲ್ಲ ಕರಗಿ, ಎಲ್ಲರೂ ನಿನ್ನ ಬೆನ್ನಿಗೇ ಬಂದು ನಿಂತರು. ಮತ್ತೆ ಹಸಿರು ಬಾವುಟ ತೋರಿಸಿದಾಗ ಹಿಂದಿದ್ದವನು ನಿನ್ನನ್ನು ಗುದ್ದಿ ಹೊರಕ್ಕೆ ತಳ್ಳಿ ಮುಂದೆ ಹೋದ. ಕಪ್ ಅವನ ಪಾಲಾಯಿತು.

ಸೋತದ್ದಕ್ಕೆ ನಾನು ಕಾಗದ ಬರೆಯುವವಳಲ್ಲ. ಆಮೇಲೆ ನೀನು ಕಾರಿನಿಂದಿಳಿದು, ಕಂಪನಿಯ ಟೋಪಿ ಸರಿಮಾಡಿಕೊಂಡು, ನಗುತ್ತಾ, ನಿನ್ನ ಕಾರಿಗೆ ದುಡ್ಡು ಹಾಕಿ ಇಂಥ ಅವಕಾಶ ಕೊಟ್ಟ ಪೇಂಟ್ ಕಂಪನಿಗೆ, ತಂಪುಪಾನೀಯದವರಿಗೆ ಧನ್ಯವಾದ ಹೇಳಿದೆ. "ರೂಲ್ಸ್ ಎಲ್ಲರಿಗೂ ಒಂದೇ, ಇವತ್ತು ಒಳ್ಳೇ ದಿನಾನೇ ಆಯ್ತು" ಅಂದೆ. ನಿನ್ನಪ್ಪ ಎದ್ದು ಟಿವಿ ಆರಿಸಿದ. ಗ್ರೇಡಿಯ ಅಂಗಡಿಯಲ್ಲಿ ರೇಸಿನ ದಿನ ಟಿವಿ ಆರಿಸಿದವರು ಅದುವರೆಗೆ ಯಾರೂ ಇರಲಿಲ್ಲ.

ಆದರೂ ಊರಿನವರು ನಿನ್ನನ್ನು ಕರೆಸಿ ಊಟ ಹಾಕಬೇಕೆಂದರು. ನಾನು ಬಟ್ಟೆಯ ಬ್ಯಾನರ್ ಹೊಲಿದು ‘ನಮ್ಮ ಚಾಂಪಿಯನ್ ಟ್ಯಾನರ್’ ಎಂದು ದೊಡ್ಡದಾಗಿ ಅಕ್ಷರ ಕೂರಿಸಿದೆ. ಅದರ ಫೋಟೋ ಹೇಗೋ ನಿನ್ನ ರೇಸ್ ತಂಡದ ಆಫೀಸಿಗೆ ಮುಟ್ಟಿತಂತೆ. ಒಬ್ಬ ಹುಡುಗಿ ಫೋನ್ ಮಾಡಿ, ಆ ಪದ ಗೆದ್ದವರಿಗೆ ಮಾತ್ರ, ದಯವಿಟ್ಟು ಬಳಸಬೇಡಿ, ಟ್ಯಾನರ್‌ಗೆ ಬೇರೆ ಕಾರ್ಯಕ್ರಮವಿದೆ, ಬರಲಾಗುವುದಿಲ್ಲ ಎಂದಳು. ನಾನು ಕತ್ತರಿ ಹಿಡಿದು ಕೂತು ಏನು ಮಾಡಲೆಂದು ಕೇಳಿದೆ. ನಿನ್ನಪ್ಪ ತಲೆಯೆತ್ತದೆ ಹೇಳಿದ: "ಬರೀ ಹೆಸ್ರು ಉಳ್ಸು ವರ್ಲೀನ್. ಹೆಸ್ರು ನಾವಿಟ್ಟಿದ್ದು. ಅದಕ್ಕೆ ಯಾರಪ್ಪಣೆ ಬೇಕು?"

ಹಾಗೆ ಬರೀ ನಿನ್ನ ಹೆಸರನ್ನು, ಊರಿನ ಊಟಗಳೆಲ್ಲ ನಡೆಯುವ ಅಗ್ನಿಶಾಮಕ ಠಾಣೆಯ ಮುಂದೆ ಕಟ್ಟಿ, ನೀನಿಲ್ಲದೆ ಊಟ ಮಾಡಿದೆವು. ಹೊಗೆಯಲ್ಲಿ ಬೇಯಿಸಿದ ಹಂದಿಮಾಂಸ, ಮೆಕ್ಕೆಜೋಳದ ಬ್ರೆಡ್ಡು, ಗ್ರೇಡಿಯ ಹೆಂಡತಿ ಮಾಡಿದ ಬಾಳೆಹಣ್ಣಿನ ಪುಡಿಂಗು. ಎಲ್ಲರೂ ನಿನ್ನ ಹಳೆಯ ಕಥೆಗಳನ್ನೇ ಹೇಳಿದರು. ಹತ್ತೊಂಬತ್ತು ವರ್ಷದವನಿದ್ದಾಗ ನಮ್ಮೂರಿನ ಟ್ರ್ಯಾಕಿನಲ್ಲಿ ನಿನ್ನ ಗೆಲುವನ್ನು ಇನ್ನೊಬ್ಬನಿಗೆ ಕೊಟ್ಟರೆಂದು, ನೀನು ಕಾರನ್ನು ತಂದು ತೀರ್ಪುಗಾರರ ಗೂಡಿನ ಬಾಗಿಲಿಗೆ ಅಡ್ಡ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಮನೆಗೆ ನಡೆದೇ ಬಂದೆಯಲ್ಲ. ಅವರು ಕಿಟಕಿಯಿಂದ ಇಳಿಯಬೇಕಾಯಿತು. ಅದನ್ನು ಹೇಳುವಾಗ ಎಲ್ಲರೂ ನಕ್ಕರು, ನಿನ್ನಪ್ಪ ನಗಲಿಲ್ಲ.

ಊಟವಾದ ಮೇಲೆ ಅವನನ್ನು ಮನೆಗೆ ಬಿಡಲು ಹೋದೆ. ಗಾಡಿಯಿಂದ ಇಳಿಯುವ ಮುಂಚೆ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಕೇಳಿದ: "ಅವ್ನಿಗೆ ನಿಜ್ವಾಗ್ಲೂ ಕೋಪ ಬರ್ಲಿಲ್ವಾ, ಇಲ್ಲ ಬಂದಿದ್ದನ್ನ ನುಂಗ್ಕೊಂಡ್ನಾ? ನುಂಗ್ಕೊಂಡಿದ್ರೆ ಪರವಾಗಿಲ್ಲ. ಬರ್ಲೇ ಇಲ್ಲ ಅಂದ್ರೆ ನನಗೆ ಭಯ ಆಗುತ್ತೆ."

ಅಂದಿನಿಂದ ಆ ಮಾತು ನನ್ನನ್ನು ಒಂದು ಕಡೆ ನಿಲ್ಲಗೊಡುತ್ತಿಲ್ಲ. ಅವರು ನಮ್ಮ ಆಟವನ್ನು ಕೆಡಿಸಿದರು, ಸರಿ. ನಿಯಮ ಇಂದಲ್ಲ ನಾಳೆ ಬದಲಾದೀತು. ಆದರೆ ಅನ್ಯಾಯವಾದಾಗ ಸಿಟ್ಟಾಗುವ ಹುಡುಗನನ್ನೂ ಅವರು ಕೆಡಿಸಿಬಿಟ್ಟಿದ್ದರೆ ಏನು ಬದಲಾಯಿಸಿ ಸರಿ ಮಾಡುವುದು?

ಕ್ಯಾಮೆರಾ ಮುಂದೆ ಏನೂ ಹೇಳಬೇಡ. ನಿನಗೂ ಹೊಟ್ಟೆಪಾಡಿದೆ, ಗೊತ್ತು. ನಿನ್ನಪ್ಪ ಸಂಜೆ ಶೆಡ್ಡಿನಲ್ಲಿರುತ್ತಾನೆ, ಅಲ್ಲಿನ ಹಳೆಯ ಫೋನು ಇನ್ನೂ ಕೆಲಸ ಮಾಡುತ್ತದೆ. ನೀನೇ, ನಿನ್ನ ಕೈಯಿಂದಲೇ ಫೋನ್ ಮಾಡು. ಕೋಪ ಬಂದಿತ್ತಪ್ಪ ಎಂದು ಹೇಳು. ಅಷ್ಟು ಸಾಕು. ಬಂದಿರದಿದ್ದರೆ, ಸುಳ್ಳು ಹೇಳಬೇಡ, ಮನೆಗೆ ಬಾ.

ಪ್ರತಿ ಗೋಡೆಯಿಂದಲೂ ದೇವರು ನಿನ್ನನ್ನು ಕಾಯಲಿ. ನಿನ್ನ ಸಿಟ್ಟನ್ನೂ ಕಾಯಲಿ.

ಇತಿ,
ನಿನ್ನ ಅತ್ತೆ
ವರ್ಲೀನ್