ಖಾಲಿ ಬೆರಳು

13 ನವೆಂಬರ್ 2025, ಗುರುವಾರ. ಹೂರಾ.

ಸಂಜೆಯಿಂದ ಎಡಗೈ ಬೆರಳನ್ನು ಸವರುತ್ತಲೇ ಇದ್ದೇನೆ. ಔಷಧಿಗಳನ್ನು ಶುದ್ಧವಾಗಿ, ನಿಯಮದಂತೆ ತಯಾರಿಸುವುದನ್ನು ಕಲಿಸುವ ನನ್ನ ಸ್ನಾತಕೋತ್ತರ ಕೋರ್ಸಿನವರು ಇವತ್ತು ನಮ್ಮನ್ನು ಮಾತ್ರೆ ಕಾರ್ಖಾನೆಗೆ ಕರೆದೊಯ್ದಿದ್ದರು. ಬಾಗಿಲಲ್ಲೇ ನಮ್ಮ ಅಧ್ಯಾಪಕಿ ಅನಸೂಯಾ ಮೇಡಂ ತಡೆದರು.

"ಜಾನಿಸ್, ಉಂಗುರ ತೆಗೆಯದೆ ಒಳಗೆ ಬಿಡೋ ಹಾಗಿಲ್ಲ."

ಮದುವೆಯಲ್ಲಿ ಸ್ಯಾವಿಯೊ ತೊಡಿಸಿದ್ದು. ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ತೆಗೆದಿರಲಿಲ್ಲ. ಅವನು ಹಡಗಿನ ಕೆಲಸಕ್ಕೆ ಹೋದ ಈ ಏಳು ತಿಂಗಳಂತೂ ಅದೇ ನನಗೆ ಜೊತೆ. ಸೋಪು ಹಚ್ಚಿ ಎಳೆಯುವಾಗ ಕಣ್ಣು ತುಂಬಿತು.

ಈಗಷ್ಟೇ ಅವನ ಫೋನು ಬಂದಿತ್ತು. "ಆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ರೆ ದಿನಾ ತೆಗೀಬೇಕಾಗ್ತದೆ," ಅಂದೆ.

"ತೆಗಿ ಮಾರಾಯ್ತಿ. ಕೆಲಸ ಮಾತ್ರ ಬಿಡ್ಬೇಡ," ಎಂದು ನಕ್ಕ.

ನಾನೂ ನಕ್ಕೆ. ಉಂಗುರ ಇನ್ನೂ ಪರ್ಸಿನಲ್ಲೇ ಇದೆ. ನಾನಾಗಿ ಹಾಕಿಕೊಳ್ಳಲು ಮನಸ್ಸಾಗುತ್ತಿಲ್ಲ. ಅವನೇ ಬಂದು ಮತ್ತೊಮ್ಮೆ ತೊಡಿಸಲಿ. ಬೇಗ ಬಾ ಮಾರಾಯ.