ಸುಕೇಶಜ್ಜನ ಖಾಲಿ ಜಾಗ

ಹದಿಮೂರನೇ ತಿಂಗಳ ನಾಲ್ಕನೇ ದಿನ, 2191
ತೇಲುಬೆಂಗ್ರೆ

ಸುಕೇಶಜ್ಜನಿಗೆ, ನಿಮ್ಮಿಂದ ಆರನೇ ತಲೆಮಾರಿನ ಯಶೋಮಿಯ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಮಳೆಗಾಲ ಉದ್ದವಾದ ಮೇಲೆ ನಾವು ವರ್ಷವನ್ನು ಹದಿಮೂರು ತಿಂಗಳಾಗಿ ಹಂಚಿಕೊಂಡೆವು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇಪ್ಪತ್ತರ ಹುಡುಗನನ್ನು ಅಜ್ಜ ಎನ್ನಲು ನನಗೂ ನಗು ಬರುತ್ತದೆ. ಶಾಲೆಯ ದಾಖಲೆಯಲ್ಲಂತೂ ನಿಮಗೆ ಹದಿನೆಂಟೇ! ಆ ವಿಷಯಕ್ಕೇ ಬರೆಯುತ್ತಿದ್ದೇನೆ.

ಎಂಟನೇ ತರಗತಿಯಲ್ಲಿ ನಿಮ್ಮ ಪಿ.ಟಿ. ಮಾಸ್ಟ್ರು, "ಎರಡು ವರ್ಷ ಕಮ್ಮಿ ಬರೆದ್ರೆ ಎಂತ ಆಗ್ತದೆ ಮಾರಾಯ? ಎಲ್ಲರೂ ಬರೀತಾರೆ" ಎಂದು ಹುಟ್ಟಿದ ದಿನಾಂಕ ತಿದ್ದಿಸಿದರು. ನೀವು ತಲೆಯಾಡಿಸಿದಿರಿ. ಬೂಟು ಕೊರಳಿಗೆ ಹಾಕಿಕೊಂಡು ದೋಣಿಯಲ್ಲಿ ನದಿ ದಾಟಿ ಮಂಗಳೂರಿಗೆ ಹೋಗಿ ಹೈಸ್ಕೂಲಿಗೆ ಅರವತ್ತೊಂದು ಗೋಲು ಹೊಡೆದಿರಿ. ಕಾಲೇಜಿನ ಫೈನಲ್‌ನಲ್ಲಿ, ಆ ಕೆಸರಿನಲ್ಲಿ, ಒಬ್ಬರೇ ನಾಲ್ಕು. ಅಬ್ಬಾ, ಎಡಗಾಲೆಂದರೆ ಅದು! ಈಗ ರಾಜ್ಯದ ಕಿರಿಯರ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದೀರಿ. ಸೋಮವಾರ ವಯಸ್ಸು ತಿಳಿಯಲು ಮಣಿಕಟ್ಟಿನ ಎಕ್ಸ್‌ರೇ ತೆಗೆಯುತ್ತಾರೆ. ಸಿಕ್ಕಿಬೀಳುತ್ತೀರಿ, ಆಮೇಲೆ ಸಾಯುವವರೆಗೂ ಚೆಂಡು ಮುಟ್ಟುವುದಿಲ್ಲ.

ನಮ್ಮಲ್ಲಿ ನೆರಳಾಟ ಎಂಬುದಿದೆ. ನಿಮ್ಮ ಕಾಲದ ವಿಡಿಯೊಗಳಿಂದ ಆಟಗಾರರನ್ನು ಆಳೆತ್ತರದ ನೆರಳುಗಳಾಗಿ ಮೈದಾನದಲ್ಲಿ ಎಬ್ಬಿಸುತ್ತಾರೆ. ಭಾನುವಾರ ಊರವರೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಾರೆ; ಮಕ್ಕಳು ತಮ್ಮ ಹಿರಿಯರ ನೆರಳಿನ ಹಿಂದೆ ಓಡಿ ಆಟ ಕಲಿಯುತ್ತಾರೆ. ಆದರೆ ವಯಸ್ಸು ಸುಳ್ಳು ಹೇಳಿ ಸಿಕ್ಕಿಬಿದ್ದವರ ನೆರಳನ್ನು ಎಬ್ಬಿಸುವುದಿಲ್ಲ. ತಾವಾಗಿ ಒಪ್ಪಿಕೊಂಡವರದು ಉಳಿಯುತ್ತದೆ. ಹೀಗಾಗಿ ಆ ಫೈನಲ್‌ನ ನೆರಳಾಟದಲ್ಲಿ ನಿಮ್ಮ ತಂಡಕ್ಕೆ ಹತ್ತೇ ಜನ. ಗೆಳೆಯರು ಖಾಲಿ ಜಾಗಕ್ಕೆ ಪಾಸ್ ಕೊಡುತ್ತಾರೆ, ಚೆಂಡು ತನ್ನಷ್ಟಕ್ಕೆ ತಿರುಗಿ ಬಲೆ ಸೇರುತ್ತದೆ. ಅವರೆಲ್ಲ ಓಡಿಬಂದು ಯಾರೂ ಇಲ್ಲದಲ್ಲಿ ತಬ್ಬಿಕೊಳ್ಳುತ್ತಾರೆ. ನೋಡಲಾರದೆ ನಾನು ಮುಖ ತಿರುಗಿಸುತ್ತೇನೆ.

ನನ್ನ ಮಗಳು ಇರಾವಿ ಪ್ರತಿ ವಾರ ಆ ಖಾಲಿ ಜಾಗದಲ್ಲಿ ಹೋಗಿ ನಿಲ್ಲುತ್ತಾಳೆ. ಅದು ತನಗೆಂದೇ ಬಿಟ್ಟ ಜಾಗವೆಂದು ತಿಳಿದಿದ್ದಾಳೆ, ಪಾಪ. ಹತ್ತು ತುಂಬಿದವರಿಗೆ ಜಾಗ ಯಾಕೆ ಖಾಲಿಯೆಂದು ಹೇಳಲೇಬೇಕೆಂಬುದು ಇಲ್ಲಿನ ಪದ್ಧತಿ. ಮುಂದಿನ ವಾರ ಅವಳಿಗೆ ಹತ್ತು. ನಮ್ಮಜ್ಜ ಸುಳ್ಳುಗಾರ ಎಂದು ನನ್ನ ಬಾಯಲ್ಲಿ ಹೇಗೆ ಹೇಳಲಿ?

ಸೋಮವಾರಕ್ಕೆ ಮುಂಚೆ ನೀವೇ ಹೋಗಿ ಹೇಳಿಬಿಡಿ ಅಜ್ಜ. ಎರಡು ವರ್ಷ ಹೊರಗಿಡುತ್ತಾರೆ, ನಾಲ್ಕು ಜನ ಆಡಿಕೊಳ್ಳುತ್ತಾರೆ. ತಡೆದುಕೊಳ್ಳಿ. ಭಾನುವಾರ ಇರಾವಿ ಹೋದಾಗ ಅಲ್ಲಿ ನೀವು ನಿಂತಿರುತ್ತೀರಿ. ನನ್ನ ಜಾಗ ಹೋಯಿತೆಂದು ಅವಳು ಅತ್ತು ರಂಪ ಮಾಡುತ್ತಾಳೆ. ಮಾಡಲಿ. ನಿಮ್ಮ ಕಾಲಿನಿಂದ ಚೆಂಡು ಕಸಿಯುವುದನ್ನು ಕಲಿತುಕೊಳ್ಳಲಿ.