ಕಟ್ಟಿದ ಹೊಟ್ಟೆ

೯ ಜನವರಿ ೧೯೬೫. ಮುಂಜಾನೆ

ಇವತ್ತೂ ಇಲ್ಲ.

ತುಂಬಿದ ತಂಬಿಗೆ ಹಿಡಿದು ಬಯಲಿಗೆ ಹೋದೆ. ತುಂಬಿದ ತಂಬಿಗೆ ಹಿಡಿದೇ ಬಂದೆ. ಜಾಲಿಗಿಡದ ಮರೆಯಲ್ಲಿ ಕುಳಿತು ಕಾಲು ಜೋಮು ಹಿಡಿದದ್ದಷ್ಟೇ ಲಾಭ. ಪಕ್ಕದ ಮನೆಯ ಹೊನ್ನವ್ವ ನನ್ನ ಮುಖ ನೋಡಲಿಲ್ಲ, ತಂಬಿಗೆ ನೋಡಿದಳು. ಆಕೆ ನೋಡಿದರೆ ಇಡೀ ಇಂಡಿ ಊರೇ ನೋಡಿದ ಹಾಗೆ. ಸಂಜೆಯೊಳಗೆ ಬಸ್ ಸ್ಟ್ಯಾಂಡಿನ ತನಕ ಸುದ್ದಿ — ಹೆಣ್ಣುಮಕ್ಕಳ ಶಾಲೆಯ ಹೆಡ್ ಅಕ್ಕೋರಿಗೆ ಹೊರಕಡೆ ಆಗುತ್ತಿಲ್ಲ.

ಬಾಯಿ ಒಣಗಿ ಬೆಂಡು. ನಾಲಿಗೆ ಅಂಗುಳಿಗೆ ಅಂಟುತ್ತದೆ. ಕೈ ನಡುಗುತ್ತದೆ. ಈ ಅಕ್ಷರ ಎರಡನೆಯ ಇಯತ್ತೆಯ ಹುಡುಗಿ ಬರೆದಿದ್ದರೆ ಮತ್ತೊಮ್ಮೆ ಬರೆಸುತ್ತಿದ್ದೆ.

ಎಲ್ಲ ಆ ಸೊಲ್ಲಾಪುರದ ಡಾಕ್ಟರನ ಪ್ರಸಾದ. ಕಂದು ಬಣ್ಣದ ಸಣ್ಣ ಗುಳಿಗೆ, ಮೂರು ಹೊತ್ತು. ದೀಪಾವಳಿ ಆದ ಮೇಲೆ ಹಾಸಿಗೆಯಿಂದ ಏಳುವುದನ್ನು ಬಿಟ್ಟಿದ್ದೆ. ಕಾರಣ ಇಲ್ಲ. ಊರಿಗೆ ಮಾತ್ರ ಕಾರಣ ಬೇಕು. ಸಣ್ಣಂದಿನಲ್ಲೇ ಗಂಡ ಸತ್ತ, ಮಕ್ಕಳಿಲ್ಲ, ಅತಿಯಾಗಿ ಓದಿದಳು, ಯಾರದೋ ಕಣ್ಣು ಬಿತ್ತು… ನನಗೇ ಗೊತ್ತಿಲ್ಲದ್ದು ಇವರಿಗೆಲ್ಲ ಗೊತ್ತು.

ಅಣ್ಣ ಬಸಂತರಾಯ ಅಡತಿ ಅಂಗಡಿ ಮುಚ್ಚಿ ಕರೆದೊಯ್ದ. ಡಾಕ್ಟರ ಮುಂಬೈಯಲ್ಲಿ ಕಲಿತವನಂತೆ. ನನ್ನನ್ನು ಎದುರಿಗೆ ಕೂರಿಸಿಕೊಂಡು ಅಣ್ಣನನ್ನು ಕೇಳಿದ: ನಿದ್ದೆ ಹೇಗೆ, ಊಟ ಹೇಗೆ, ಅಳುತ್ತಾರೇನು. ಅಣ್ಣ ಉತ್ತರ ಕೊಟ್ಟ. ನಾನು ಕಡಲೆಚೀಲದ ಹಾಗೆ ಕುರ್ಚಿಯ ಮೇಲೆ. ಗುಳಿಗೆ ನುಂಗಿದರೆ ಹೊಟ್ಟೆ ಕಟ್ಟುತ್ತದೆಂದು ಹೇಳಲಿಲ್ಲ. ಹೇಳಿದ್ದರೂ ಅಣ್ಣನಿಗೇ ಹೇಳುತ್ತಿದ್ದ.

೧೧ ಜನವರಿ

ವೈನಿಯ ಡಾಕ್ಟರಕಿ ಶುರು. ಅಣ್ಣನ ಹೆಂಡತಿ ಸಿದ್ದಲಿಂಗವ್ವ — ಒಲೆಯ ಮುಂದೆ ಹುಟ್ಟಿ ಒಲೆಯ ಮುಂದೆ ಬೆಳೆದವಳು. ರೊಟ್ಟಿ, ಹಿಂಡಿ, ಕಾಳು — ಇದರ ಆಚೆಗೆ ಆಕೆಗೆ ಪ್ರಪಂಚ ಇಲ್ಲ. ನಿನ್ನೆ ಔಡಲೆಣ್ಣೆ. ಇವತ್ತು ಬಿಸಿನೀರಿನಲ್ಲಿ ತುಪ್ಪ. ಕುಡಿದೆ. ವಾಂತಿ ಬಂದಂತಾಯಿತು, ಬರಲಿಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ.

ಮನಸ್ಸಿಗೆ ಯಾರಾದರೂ ಗುಳಿಗೆ ಕೊಡುತ್ತಾರೇನು ಎಂದು ಕೇಳಿದಳು. ಮನಸ್ಸು ಎಂದರೇನು, ನಿನಗೊಂದು ಇದೆಯೇನು ಎಂದು ಕೇಳಬೇಕೆಂದಿದ್ದೆ. ನಾಲಿಗೆ ಅಂಟಿತ್ತು. ಬಚಾವಾದಳು.

೧೬ ಜನವರಿ

ಹಜರಾಬಿ ಬಂದಿದ್ದಳು. ನನ್ನ ಕೈಕೆಳಗಿನ ಟೀಚರ. ಈಗ ಚಾರ್ಜ್ ಆಕೆಯದು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಛತ್ರಿ — ಚಳಿಗಾಲದಲ್ಲಿ. ತಬ್ಬೇತ ಹೆಂಗೈತಿ ಎಂದು ಮೆತ್ತಗೆ ಕೇಳಿದಳು. ನನ್ನ ಕುರ್ಚಿ ಬೆಚ್ಚಗಿದೆಯೇನು ಎಂದು ಕೇಳಿದೆ. ಚಹಾ ಅರ್ಧ ಕುಡಿದು ಎದ್ದಳು.

ಆಮೇಲೆ ಅಣ್ಣ. ರಜೆ ಫೆಬ್ರುವರಿ ಕೊನೆಗೆ ಮುಗಿಯುತ್ತದೆ. ಅಷ್ಟರಲ್ಲಿ ಹಾಜರಾಗದಿದ್ದರೆ ನೌಕರಿ ಇಲ್ಲ. ಈಗಲೇ ಮರ್ಯಾದೆಯಿಂದ ರಾಜೀನಾಮೆ ಕೊಡು, ಮನೆಯಲ್ಲಿ ಆರಾಮಾಗಿರು ಎಂದ. ಒಳ್ಳೆಯವನು. ಆ ಒಳ್ಳೆಯತನಕ್ಕೆ ಮೈ ಉರಿಯುತ್ತದೆ. ಈ ಮನೆಯಲ್ಲಿ ಆರಾಮಾಗಿ… ವೈನಿಯ ಎದುರಿಗೆ ಕಾಳು ಆರಿಸುತ್ತ… ಅದಕ್ಕಿಂತ ಬಾವಿ ಹತ್ತಿರ.

೧೯ ಜನವರಿ

ಮಧ್ಯಾಹ್ನ ಗೋಡೆಯ ಕ್ಯಾಲೆಂಡರ ಕಣ್ಣಿಗೆ ಬಿತ್ತು. ಅಡತಿ ಅಂಗಡಿಯವರು ಹಂಚಿದ್ದು. ‘ಶುಭಾಶಯ’ದಲ್ಲಿ ಎರಡು ತಪ್ಪು. ಇಷ್ಟು ದಿನ ಅಲ್ಲೇ ತೂಗುತ್ತಿತ್ತು, ಕಂಡಿರಲಿಲ್ಲ. ಅಚ್ಚು ಹಾಕಿದವನನ್ನು ಬೆಂಚಿನ ಮೇಲೆ ನಿಲ್ಲಿಸಿ ಬೈಯಬೇಕೆನಿಸಿತು.

ಬೇಕೆನಿಸಿತು. ದೀಪಾವಳಿಯಿಂದ ಈಚೆಗೆ ನನಗೆ ಏನೂ ಬೇಕೆನಿಸಿರಲಿಲ್ಲ.

ಗುಳಿಗೆ ಕೆಲಸ ಮಾಡುತ್ತಿರಬಹುದು. ಡಾಕ್ಟರ ಪೂರ್ತಿ ಕತ್ತೆಯಲ್ಲ.

ಹೊಟ್ಟೆ ಮಾತ್ರ ಕಲ್ಲು.

೨೫ ಜನವರಿ. ಸರಕಾರಿ ದವಾಖಾನೆ

ಪೆನ್ಸಿಲಿನಿಂದ ಬರೆಯುತ್ತಿದ್ದೇನೆ. ಮೊನ್ನೆ ವೈನಿ ಬೆಲ್ಲದ ಉಂಡೆ ಕೊಟ್ಟಳು. ಕಹಿ ಇತ್ತು. ತಿಂದೆ. ಎರಡು ತಾಸಿನಲ್ಲಿ ಹೊಟ್ಟೆಯೊಳಗೆ ಯಾರೋ ಕುಡುಗೋಲು ಆಡಿಸಿದ ಹಾಗೆ. ಆಮೇಲೆ ನಿಲ್ಲಲೇ ಇಲ್ಲ. ಬಯಲಿನ ತನಕ ಹೋಗಲಾಗಲಿಲ್ಲ, ಹಿತ್ತಲಲ್ಲೇ ಬಿದ್ದೆ. ಅಣ್ಣ ಚಕ್ಕಡಿ ಹೂಡಿಸಿ ತಂದನಂತೆ. ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗಹಾಕಿದ್ದಾರೆ.

ಉಂಡೆಯಲ್ಲಿ ಭೇದಿಗೆ ಕೊಡುವ ಜಾಪಾಳದ ಬೀಜ ಅರೆದು ಹಾಕಿದ್ದಳು. ಎತ್ತಿಗೂ ಅಷ್ಟು ಹಾಕುವುದಿಲ್ಲ. ಮುಂಜಾನೆ ಮಂಚದ ಪಕ್ಕದಲ್ಲಿ ಕುಳಿತು ಆಕೆಯೇ ಹೇಳಿದಳು. ಕಣ್ಣು ನೆಲದ ಮೇಲೆ.

“ಹೊಟ್ಟಿ ಹಗುರಾದ್ರ ಮನಸ್ಸೂ ಹಗುರಾಗ್ತೈತಿ ಅಂತ ತಿಳದೆ, ರುಕ್ಮವ್ವ. ಅವರಿಗೆ ಹೇಳಬ್ಯಾಡ.”

ಅಣ್ಣನಿಗೆ ಹೇಳಲಿಲ್ಲ. ಕರುಣೆಯಿಂದ ಅಲ್ಲ. ಹೇಳಲು ಶಕ್ತಿ ಇರಲಿಲ್ಲ.

ಅಣ್ಣ ಗುಳಿಗೆಯದೇ ತಪ್ಪೆಂದು ನಿರ್ಧಾರ ಮಾಡಿದ್ದಾನೆ. ಇದ್ದ ಗುಳಿಗೆಯನ್ನೆಲ್ಲ ತಿಪ್ಪೆಗೆ ಚೆಲ್ಲಿ ಬಂದನಂತೆ. ಅದನ್ನು ಹೇಳುವಾಗ ಮುಖದಲ್ಲಿ ಹಾವು ಕೊಂದವನ ಗತ್ತು. ವೈನಿ ತುಟಿ ಬಿಚ್ಚಲಿಲ್ಲ.

೨ ಫೆಬ್ರುವರಿ

ಮನೆಗೆ ಬಂದಾಯಿತು. ಹೊಟ್ಟೆ ಸರಿಯಾಗಿದೆ. ದಿನಾ ತಪ್ಪದೆ ಆಗುತ್ತದೆ. ಎಲ್ಲರಿಗೂ ಸಂತೋಷ.

೧೮ ಫೆಬ್ರುವರಿ

ಮತ್ತೆ ಗೋಡೆ ನೋಡುತ್ತ ಮಲಗಿದ್ದೇನೆ. ಕ್ಯಾಲೆಂಡರ ಇದೆ. ತಪ್ಪು ಇದ್ದರೆ ಇರಲಿ.

೨೨ ಫೆಬ್ರುವರಿ

ಹಜರಾಬಿ ಮತ್ತೆ ಬಂದಳು. ಛತ್ರಿ ಸಹಿತ. ಎಬ್ಬಿಸಿ ಕೂರಿಸಿದಳು. ನನ್ನ ಕಡೆ ಬೆನ್ನು ಮಾಡಿ ಕಿಟಕಿ ತೆರೆದಳು, ಹಾಗೆಯೇ ನಿಂತು ಮಾತಾಡಿದಳು.

“ನಿಮ್ಮ ಕುರ್ಚಿ ನನಗ ಬ್ಯಾಡ್ರಿ ಅಕ್ಕೋರ. ಆ ಸಾಲಿ ಇನ್‌ಸ್ಪೆಕ್ಟರ ಮುಂದ ನಿಂತ್ರ ನನಗ ನನ್ನ ಹೆಸರ ನೆನಪ ಉಳಿಯೂದಿಲ್ಲ. ನೀವಾದ್ರ ಅವನ್ನ ಸುಮ್ಮನ ಕುಂದ್ರಸ್ತೀರಿ. ಜನವರಿದಾಗ ಬಂದಾಗ ನನ್ನ ಬೈದ್ರಿ. ಮನಿಗೆ ಹೋಗಿ ನಮ್ಮ ಅಮ್ಮಾಗ ಹೇಳಿದೆ, ಅಕ್ಕೋರು ಆರಾಮ ಆಗಾಕತ್ಯಾರ ಅಂತ. ಇವತ್ತ ನೀವು ಬೈಯಲಿಲ್ಲ.”

ಆಕೆ ಹೋದ ಮೇಲೆ ಬಹಳ ಹೊತ್ತು ಅದನ್ನೇ ಯೋಚಿಸಿದೆ. ಇಡೀ ಊರು ಡಾಕ್ಟರಕಿ ಮಾಡಿತು. ನಾಡಿ ಹಿಡಿದವಳು ಈ ಛತ್ರಿಯವಳು ಒಬ್ಬಳೇ. ಅವಮಾನ.

ಸೊಲ್ಲಾಪುರಕ್ಕೆ ಹೋಗಬೇಕು. ಒಬ್ಬಳೇ.

೨೪ ಫೆಬ್ರುವರಿ. ಸಂಜೆ

ಹೋಗಿ ಬಂದೆ.

ಅಣ್ಣ ಅಂಗಡಿಗೆ ಹೋದ ಮೇಲೆ ಹೊರಟೆ. ವೈನಿ ನೋಡಿದಳು, ಎಲ್ಲಿಗೆ ಎಂದು ಕೇಳಲಿಲ್ಲ. ಝಳಕಿಯ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಝಳಕಿಯ ಹೋಟೆಲಿನವನು ಒಂಟಿ ಹೆಂಗಸಿಗೆ ಒಳಗೆ ಜಾಗ ಇಲ್ಲ ಎಂದ. ಒಳಗೆ ನೊಣ ಬಿಟ್ಟರೆ ಯಾರೂ ಇರಲಿಲ್ಲ. ನೊಣಗಳ ಮರ್ಯಾದೆ ಕಾಯುವವನು. ಬಿಸಿಲಿನಲ್ಲೇ ನಿಂತೆ. ನಡುವೆ ಎರಡು ಸಲ ತಿರುಗಿ ಹೋಗೋಣ ಎನಿಸಿತು. ತಿರುಗಿ ಹೋಗುವ ಬಸ್ಸು ಇರಲಿಲ್ಲ, ಅಷ್ಟೇ.

ಡಾಕ್ಟರ ನನ್ನ ಭುಜದ ಮೇಲಿಂದ ಬಾಗಿಲು ನೋಡಿದ.

“ಜೊತೆಗೆ ಯಾರು ಬಂದಿದ್ದಾರೆ?”

“ನನ್ನ ಜೋಡಿ ನಾನ ಬಂದೇನಿ.”

ಪೆನ್ನು ಕೆಳಗಿಟ್ಟ. ನಾನು ಶುರು ಮಾಡಿದೆ. ಬಸ್ಸಿನಲ್ಲಿ ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡಿದ್ದೆ. ಹೊರಕಡೆ, ಬಯಲಕಡೆ, ಆ ಕಡೆ ಈ ಕಡೆ — ಯಾವ ಕಡೆಯೂ ಬೇಡ, ನೇರ ಹೇಳುವುದು ಎಂದು.

“ನಿಮ್ಮ ಗುಳಿಗಿ ತಗೊಂಡ ಮ್ಯಾಲ ವಾರಗಟ್ಟಲೆ ನನಗ ಸಂಡಾಸ ಆಗಲಿಲ್ಲ. ನೀವು ಮೊದಲ ಹೇಳಿದ್ರ ನಾ ಬೆಲ್ಲದ ಉಂಡಿ ತಿಂದು ಸಾಯಾಕ ಹೋಗತಿದ್ದಿಲ್ಲ. ಯಾಕ ಹೇಳಲಿಲ್ಲ?”

ಮುಂಬೈಯಲ್ಲಿ ಕಲಿತವನ ಕಿವಿ ಕೆಂಪಾಯಿತು. ಹೆಣ್ಣುಮಕ್ಕಳು, ಅದರಲ್ಲೂ ಶಿಕ್ಷಕಿ, ಹೇಗೆ ಹೇಳುವುದು ಎಂದು ಸಂಕೋಚ ಆಯಿತಂತೆ. ಇವನ ಸಂಕೋಚಕ್ಕೆ ನನ್ನ ಕರುಳು ಬಲಿ. ಆದರೆ ಆಮೇಲೆ ನನ್ನನ್ನೇ ಕೇಳಿದ, ಒಂದೊಂದಾಗಿ. ಏನು ತಿನ್ನುತ್ತೀರಿ, ಎಷ್ಟು ನೀರು, ಗುಳಿಗೆ ಯಾವಾಗಿನಿಂದ ಬಿಟ್ಟಿದ್ದೀರಿ. ಸಾಯುವ ಯೋಚನೆ ಬರುತ್ತದೆಯೇ. ಬರುತ್ತದೆ ಎಂದೆ. ಬರೆದುಕೊಂಡ. ಗುಳಿಗೆ ಕಡಿಮೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸುವುದು. ಮಲಗುವ ಮುಂಚೆ ಇಸಬಗೋಲ, ದಿನವಿಡೀ ನೀರು, ನಡಿಗೆ. ಹದಿನೈದು ದಿನ ಏನೂ ಗೊತ್ತಾಗುವುದಿಲ್ಲ, ಬಿಡಬೇಡಿ ಎಂದ. ಹೊಟ್ಟೆ ಪೂರ್ತಿ ಸರಿ ಹೋಗುತ್ತದೆಂದು ಮಾತು ಕೊಡಲಿಲ್ಲ. ಆ ಒಂದು ಮಾತಿಗೆ ನಂಬಿದೆ.

ಬಂದು ಅಣ್ಣನಿಗೆ ಹೇಳಿದೆ: ಈ ಸಲ ತಿಪ್ಪೆಗೆ ಚೆಲ್ಲಿದರೆ ತಿಪ್ಪೆಯಲ್ಲೇ ಆರಿಸಿ ತಿನ್ನುತ್ತೇನೆ. ಚೆಲ್ಲುವುದಿಲ್ಲ ಎಂದ. ಊಟ ಬಿಟ್ಟು ಎದ್ದು ಹೋದ.

೧ ಮಾರ್ಚ್

ಹಾಜರಾದೆ. ಟೇಬಲ್ಲಿನ ಮೇಲೆ ನೀರಿನ ಹೂಜಿ ಇಡಿಸಿಕೊಂಡಿದ್ದೇನೆ. ಬಾಯಲ್ಲಿ ಲವಂಗ. ಒಂದು ವಾಕ್ಯ, ಒಂದು ಗುಟುಕು. ಮೇಲಿನ ಇಯತ್ತೆಯ ಹುಡುಗಿಯರು ನಕ್ಕರು. ನಗಲಿ. ಕಾಗುಣಿತದಲ್ಲಿ ಅಳಿಸುತ್ತೇನೆ.

ಸಂತೋಷ ಇಲ್ಲ. ಎದ್ದು ನಿಂತಿದ್ದೇನೆ, ಅಷ್ಟೇ. ಹಜರಾಬಿ ಚಾರ್ಜ್ ಒಪ್ಪಿಸಿ ಓಡಿಯೇ ಹೋದಳು.

೮ ಮಾರ್ಚ್

ಆಯಿತು! ಇಸಬಗೋಲಕ್ಕೆ ಜಯವಾಗಲಿ. ಬರುವಾಗ ಖಾಲಿ ತಂಬಿಗೆಯನ್ನು ಹೊನ್ನವ್ವನ ಮುಂದೆ ಬೋರಲು ಹಿಡಿದು ತೋರಿಸಿದೆ. ಮುಖ ತಿರುಗಿಸಿದಳು. ಇದನ್ನೂ ಸ್ಟ್ಯಾಂಡಿಗೆ ಮುಟ್ಟಿಸಲಿ.

೨೧ ಮಾರ್ಚ್. ರವಿವಾರ

ಇನ್‌ಸ್ಪೆಕ್ಟರ ಬಂದು ಹೋಗಿ ನಾಲ್ಕು ದಿನ. ಅವನ ಬಗ್ಗೆ ಬರೆಯಬೇಕೆಂದಿದ್ದೆ. ಅವನ ಇಂಗ್ಲಿಷ್, ಅವನ ಹೊಟ್ಟೆ… ಈಗ ಮನಸ್ಸಿಲ್ಲ.

ಮಧ್ಯಾಹ್ನ ಅಣ್ಣ ಮಲಗಿದ್ದ. ಕಿಟಕಿಯಲ್ಲಿ ಕುಳಿತು ಗುಳಿಗೆ ನುಂಗುತ್ತಿದ್ದೆ. ವೈನಿ ಬಂದು ನಿಂತಳು. ಹಿಟ್ಟಿನ ಕೈ. ಮತ್ತೇನೋ ಉಂಡೆ ತಂದಳೆಂದು ತಿಳಿದು ಬೈಯಲು ಬಾಯಿ ತೆರೆದೆ.

“ರುಕ್ಮವ್ವ, ಆ ಗುಳಿಗಿ ನನಗೂ ಆಗ್ತಾವೇನು?”

ನಿನಗೇನಾಗಿದೆ ಎಂದೆ. ನಗು ಬಂದಿತ್ತು, ನಿಜ ಹೇಳಬೇಕೆಂದರೆ. ಆಕೆ ನಗಲಿಲ್ಲ.

“ಭಾಳ ವರ್ಷ ಆತು. ಮುಂಜಾನೆ ಎದ್ದ ಕೂಡಲೆ ಸಾಯಬೇಕು ಅನಸ್ತೈತಿ. ಒಲಿ ಹಚ್ಚಿದ ಮ್ಯಾಲ ಹೋಗತಿತ್ತು. ಈಗೀಗ ಒಲಿ ಹಚ್ಚಿದ್ರೂ ಹೋಗವಲ್ದು.”

ಮೂರು ಹೊತ್ತೂ ಊರಿನವರನ್ನು ಬೈಯುವ ನಾಲಿಗೆ ಇದು. ಬಾಯಿ ಒಣಗುತ್ತದೆ, ಹೊಟ್ಟೆ ಕಟ್ಟುತ್ತದೆ, ಕೈ ನಡುಗುತ್ತದೆ ಎಂದು ಒಂದೊಂದೇ ಹೇಳಿದೆ. ಮೊದಲೇ ಹೇಳಬೇಕಲ್ಲ.

“ಹೊಟ್ಟಿ ಕಟ್ಟಿ ನನಗ ರೂಢಿ ಐತಿ,” ಎಂದಳು. ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ನನಗೆ ಬುದ್ಧಿ ಬಂದಾಗಿನಿಂದ ಈ ಸದ್ದು ಕೇಳುತ್ತಿದ್ದೇನೆ. ಇವತ್ತು ಕೇಳಲಾಗಲಿಲ್ಲ, ಎದ್ದು ಅಂಗಳಕ್ಕೆ ಹೋದೆ.

೨೭ ಮಾರ್ಚ್. ಮುಂಜಾನೆ, ಬಸ್ಸಿಗೆ ಮುಂಚೆ

ಇವತ್ತು ವೈನಿಯನ್ನು ಸೊಲ್ಲಾಪುರದ ಡಾಕ್ಟರನ ಹತ್ತಿರ ಕರೆದೊಯ್ಯುತ್ತಿದ್ದೇನೆ. ಅಣ್ಣನಿಗೆ ಆಕೆಯೇ ಹೇಳಿದ್ದಾಳೆ. ಸುಳ್ಳು ಹೇಳು ಎಂದು ನಾನು ಕಲಿಸಿಕೊಟ್ಟಿದ್ದೆ: ಬರೀ ನನ್ನ ಜೋಡಿಗೆಂದು ಬರುತ್ತಿದ್ದೇನೆ, ಅಷ್ಟೇ ಎಂದು. ಆಕೆ ನಿಜವನ್ನೇ ಹೇಳಿದಳು. ಅಣ್ಣ ಬಹಳ ಹೊತ್ತು ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ, ಸುತ್ತಿಕೊಳ್ಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಹೇಗೆ ಎಂದು ನನ್ನನ್ನು ಕೇಳಿದ. ಮೂರನೆಯವನು ನೀನು ಎಂದು ಹೇಳಬೇಕೆನಿಸಿತು. ಬಿಟ್ಟೆ.

ವೈನಿ ಇಳಕಲ್ಲ ಸೀರೆ ಉಟ್ಟು ಹೊಸ್ತಿಲಲ್ಲಿ ಕುಳಿತಿದ್ದಾಳೆ. ತಲೆ ತುಂಬ ಸೆರಗು. ಇವತ್ತು ಒಲೆ ಹಚ್ಚಿಲ್ಲ. ಅಣ್ಣ ಅಡುಗೆಮನೆಯಲ್ಲಿ ಡಬ್ಬಿ ಉರುಳಿಸುತ್ತ ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದಾನೆ. ಎಲ್ಲಿ ಇಟ್ಟೀಯೇ ಎಂದು ಎರಡು ಸಲ ಕೂಗಿದ. ವೈನಿ ಕೇಳಿಸಿಕೊಂಡಳು. ಹೇಳಲಿಲ್ಲ. ನನ್ನ ಕಡೆ ನೋಡಿದಳು. ನನಗೆ ಗೊತ್ತು ಎಲ್ಲಿದೆ ಎಂದು, ಆದರೆ ನಾನೂ ಹೇಳಲಿಲ್ಲ.